ಎತ್ತಿಗೆ ಜ್ವರ, ಕಡಲ ಸಿಂಹಕ್ಕೆ ಬರೆ

1/10

ಮೊದಲನೇ ಫೋಟೋ ಜೂಮ್ ಮಾಡಿ. ಪ್ರಾಣಿಯ ಬೆನ್ನ ಮೇಲೆ ಒಂದು ಅಕ್ಷರ, ಪಕ್ಕದಲ್ಲಿ ನಂಬರ್ ಕಾಣ್ತಿದ್ಯಾ? ಅದು ಪೇಂಟ್ ಅಲ್ಲ, ಎಡಿಟ್ ಕೂಡ ಅಲ್ಲ. ಕಾದ ಕಬ್ಬಿಣದಿಂದ ಹಾಕಿರೋ ಬರೆ.

ಇದು ಕಡಲ ಸಿಂಹ, ಅಂದ್ರೆ ಸೀ ಲಯನ್. ಅಮೆರಿಕದ ಪಶ್ಚಿಮ ಕರಾವಳಿಯ ಪ್ರಾಣಿ. ಫೋಟೋ ತೆಗೆದಿದ್ದು ನಮ್ಮ ದೊಡ್ಡಪ್ಪನ ಮಗಳು. ಅವಳು ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಹತ್ತಿರ ಕೆಲಸದಲ್ಲಿದ್ದಾಳೆ. ರಜೆಗೆ ಆಸ್ಟೋರಿಯಾ ಅನ್ನೋ ಊರಿಗೆ ಹೋಗಿದ್ದಳು. ಕೊಲಂಬಿಯಾ ನದಿ ಸಮುದ್ರ ಸೇರೋ ಜಾಗ ಅದು. ಅಲ್ಲಿ ದೋಣಿ ಕಟ್ಟೋ ಕಟ್ಟೆ ಮೇಲೆ ಇವು ನೂರಾರು ಒಟ್ಟಿಗೆ ಮಲಗಿ, ಒಂದರ ಮೇಲೊಂದು ಬಿದ್ದು, ಕಿರುಚ್ತಾ ಇರುತ್ತವಂತೆ.

"ಬೆನ್ನ ಮೇಲೆ ಏನಕ್ಕಾ ಅದು?" ಅಂತ ಕೇಳಿದೆ.

"ನಂಬರ್ ಕಣೇ. ನದಿ ಮೇಲಕ್ಕೆ ಹೋಗಿ ಸಾಲ್ಮನ್ ಮೀನು ತಿನ್ನೋದು ಯಾವುದು ಅಂತ ಗುರುತು ಹಿಡಿಯೋಕೆ. ಡ್ಯಾಂ ಹತ್ರ ಮತ್ತೆ ಮತ್ತೆ ಸಿಕ್ಕಿದ್ರೆ ಬೋನಿಗೆ ಬೀಳಿಸಿ ಇಂಜೆಕ್ಷನ್ ಕೊಡ್ತಾರೆ."

"ಏನ್ ಇಂಜೆಕ್ಷನ್?"

"ಪ್ರಾಣ ಹೋಗೋದು."

ಆಗ ನಾನು ಏನು ರಿಪ್ಲೈ ಮಾಡಿದೆ ಅಂತ ಹೇಳೋಕೆ ಈಗ ನಾಚಿಕೆ ಆಗುತ್ತೆ. "ಪಾಪ, ಆದ್ರೆ ಮೀನು ಉಳೀಬೇಕಂದ್ರೆ ಮಾಡ್ಲೇಬೇಕಲ್ವಾ" ಅಂತ ಟೈಪ್ ಮಾಡಿ, ಫೋನ್ ಇಟ್ಟು ಊಟಕ್ಕೆ ಹೋದೆ.

ಅದಾದ ಮೇಲೆ ಎರಡು ವಾರ ಇದನ್ನೇ ಓದಿದೀನಿ. ಕಾಸ್ಟಿಂಗ್ ಇಂಟರ್ನಲ್ಸ್‌ಗೂ ಇಷ್ಟು ಓದಿಲ್ಲ. ಈಗ ನನ್ನ ಉತ್ತರ ಬದಲಾಗಿದೆ. ಯಾಕೆ ಅಂತ ಹತ್ತು ಪೋಸ್ಟಲ್ಲಿ ಹೇಳ್ತೀನಿ. ಒಪ್ಪಲೇಬೇಕು ಅಂತಿಲ್ಲ. ಆದರೆ ಪೂರ್ತಿ ಓದಿ ಆಮೇಲೆ ಕಾಮೆಂಟಲ್ಲಿ ಜಗಳ ಆಡಿ.

2/10

ಮೊದಲು ಮೀನಿನ ಕಥೆ, ಯಾಕಂದ್ರೆ ಮೀನು ನಿಜವಾಗಲೂ ಕಷ್ಟದಲ್ಲಿದೆ. ಅದರಲ್ಲಿ ಸುಳ್ಳಿಲ್ಲ.

ಸಾಲ್ಮನ್ ಹುಟ್ಟೋದು ಬೆಟ್ಟದ ಮೇಲಿನ ತಣ್ಣನೆ ಹೊಳೆಯಲ್ಲಿ. ಮರಿ ನದಿಯಲ್ಲಿ ತೇಲಿಕೊಂಡು ಸಮುದ್ರಕ್ಕೆ ಹೋಗುತ್ತೆ, ಅಲ್ಲಿ ಕೆಲವು ವರ್ಷ ಬೆಳೆಯುತ್ತೆ. ಆಮೇಲೆ ತಾನು ಹುಟ್ಟಿದ ಹೊಳೆಯನ್ನೇ ಹುಡುಕಿಕೊಂಡು ಪ್ರವಾಹದ ಎದುರಿಗೆ ಈಜಿ ವಾಪಸ್ ಬರುತ್ತೆ. ಮೊಟ್ಟೆ ಇಡುತ್ತೆ, ಸಾಯುತ್ತೆ. ಸತ್ತ ಮೇಲೂ ಸುಮ್ಮನಿರಲ್ಲ. ಅದರ ದೇಹ ಕರಡಿಗೆ, ಹದ್ದಿಗೆ ಊಟ, ದಡದ ಕಾಡಿಗೆ ಗೊಬ್ಬರ.

ಕೊಲಂಬಿಯಾ ನದಿಗೆ ಒಂದು ಕಾಲದಲ್ಲಿ ವರ್ಷಕ್ಕೆ 1 ಕೋಟಿಯಿಂದ 1.6 ಕೋಟಿ ಸಾಲ್ಮನ್ ಮತ್ತು ಅದರ ಸೋದರ ಸಂಬಂಧಿ ಸ್ಟೀಲ್‌ಹೆಡ್ ವಾಪಸ್ ಬರ್ತಿದ್ದವು ಅನ್ನೋದು ತಜ್ಞರ ಅಂದಾಜು. ಈಗ ಅದರ ಒಂದು ಸಣ್ಣ ಪಾಲು ಮಾತ್ರ. ಅದರಲ್ಲೂ ಬಹುಪಾಲು ಸರ್ಕಾರ ತೊಟ್ಟಿಯಲ್ಲಿ ಮರಿ ಮಾಡಿಸಿ ಬಿಟ್ಟಿದ್ದು.

ಹಾಗಾದ್ರೆ ಆ ಕೋಟಿಗಟ್ಟಲೆ ಮೀನು ಎಲ್ಲಿ ಹೋಯ್ತು? ನೆನಪಿಡಿ, ಆ ಕೋಟಿ ಮೀನು ಇದ್ದ ಕಾಲದಲ್ಲೂ ಕಡಲ ಸಿಂಹ ಇತ್ತು. ಸಾವಿರಾರು ವರ್ಷದಿಂದ ಒಂದು ತಿಂತಾ ಇತ್ತು, ಇನ್ನೊಂದು ಬೆಳೀತಾ ಇತ್ತು. ಯಾರೂ ಮುಗಿದುಹೋಗಿರಲಿಲ್ಲ.

1866ರಲ್ಲಿ ಕೊಲಂಬಿಯಾ ದಡದಲ್ಲಿ ಮೊದಲ ಮೀನಿನ ಡಬ್ಬಿ ಕಾರ್ಖಾನೆ ಶುರುವಾಯ್ತು. 1883ಕ್ಕೆ ಒಂದೇ ವರ್ಷದಲ್ಲಿ ಸುಮಾರು 4.3 ಕೋಟಿ ಪೌಂಡ್ ಚಿನೂಕ್ ಸಾಲ್ಮನ್ ಹಿಡಿದರು. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 19,500 ಟನ್. ನದಿಯ ನೀರಿನ ರಭಸಕ್ಕೆ ತಾನೇ ತಿರುಗಿ ಮೀನು ಎತ್ತಿ ಹಾಕೋ ಚಕ್ರ ಬೇರೆ ಇಟ್ಟಿದ್ರು. ಹಗಲು ರಾತ್ರಿ ಮೀನು ಬೀಳ್ತಾನೇ ಇತ್ತು.

ಮೊದಲ ಏಟು ಅಲ್ಲಿ ಬಿತ್ತು. ಎರಡನೇ ಏಟು ಇನ್ನೂ ದೊಡ್ಡದು.

3/10

ಎರಡನೇ ಏಟು ಕಾಂಕ್ರೀಟಿಂದು.

ಬಾನ್‌ವಿಲ್ ಡ್ಯಾಂ, ಸಮುದ್ರದಿಂದ ಸುಮಾರು 235 ಕಿಲೋಮೀಟರ್ ಮೇಲೆ. ಕೆಲಸ ಶುರು ಮಾಡಿದ್ದು 1938ರಲ್ಲಿ. 1942ಕ್ಕೆ ಗ್ರ್ಯಾಂಡ್ ಕೂಲಿ ಡ್ಯಾಂ. ಈ ಎರಡನೇದಕ್ಕೆ ಮೀನು ಹತ್ತೋಕೆ ದಾರಿಯನ್ನೇ ಬಿಡಲಿಲ್ಲ. ಅದರ ಮೇಲಿನ ನದಿ ಪೂರ್ತಿ ಸಾಲ್ಮನ್‌ಗೆ ಬಂದ್. ಗೋಡೆ ಕಟ್ಟಿ ಬೀಗ ಹಾಕಿದ ಹಾಗೆ.

1957ರ ಮಾರ್ಚ್ 10ರಂದು ದ ಡ್ಯಾಲ್ಸ್ ಡ್ಯಾಂನ ಗೇಟು ಮುಚ್ಚಿದರು. ಸಿಲೈಲೊ ಜಲಪಾತ ಕೆಲವೇ ಗಂಟೆಯಲ್ಲಿ ಮುಳುಗಿತು. ಅಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷದಿಂದ ಮೀನು ಹಿಡೀತಿದ್ದ, ಸಂತೆ ಮಾಡ್ತಿದ್ದ ಜಾಗ. ದಡದಲ್ಲಿ ನಿಂತು ಹಿರಿಯರು ನೋಡ್ತಾ ಇದ್ದರು. ನೀರು ಏರ್ತಾ ಬಂತು, ಶಬ್ದ ನಿಂತುಹೋಯ್ತು.

ಆಮೇಲೆ ಕೊಲಂಬಿಯಾ ಸೇರೋ ಸ್ನೇಕ್ ನದಿಯ ಕೆಳಭಾಗದಲ್ಲಿ ಸಾಲಾಗಿ ನಾಲ್ಕು: ಐಸ್ ಹಾರ್ಬರ್, ಲೋವರ್ ಮಾನ್ಯುಮೆಂಟಲ್, ಲಿಟಲ್ ಗೂಸ್, ಲೋವರ್ ಗ್ರಾನೈಟ್. 1962ರಿಂದ 1975ರ ಒಳಗೆ.

ಈಗ ಐಡಾಹೊ ರಾಜ್ಯದ ರೆಡ್‌ಫಿಶ್ ಕೆರೆಗೆ ಹೋಗಬೇಕಾದ ಒಂದು ಸಾಕ್‌ಐ ಸಾಲ್ಮನ್ ಬಗ್ಗೆ ಯೋಚನೆ ಮಾಡಿ. ಸಮುದ್ರದಿಂದ ಸುಮಾರು 1,450 ಕಿಲೋಮೀಟರ್. ದಾರಿಯಲ್ಲಿ ಎಂಟು ಡ್ಯಾಂ. ಅದು ಹತ್ತಿಕೊಂಡು ಹೋಗುವಾಗ ಎಂಟು. ಅದರ ಮರಿ ಇಳಿದು ಬರುವಾಗ ಮತ್ತೆ ಅದೇ ಎಂಟು. ಟರ್ಬೈನ್ ಇದೆ. ಡ್ಯಾಂ ಹಿಂದೆ ನಿಂತ ನೀರು ಬಿಸಿಲಿಗೆ ಕಾಯುತ್ತೆ. ಹರಿಯೋ ನದಿಯಲ್ಲಿ ಬೇಗ ಸಮುದ್ರ ಸೇರ್ತಿದ್ದ ಮರಿ ನಿಂತ ನೀರಲ್ಲಿ ದಾರಿ ಕಾಣದೆ ತಡವಾಗುತ್ತೆ.

1992ರಲ್ಲಿ ಆ ಕೆರೆಗೆ ವಾಪಸ್ ಬಂದ ಸಾಕ್‌ಐ ಎಷ್ಟು ಗೊತ್ತಾ? ಒಂದು. ಜನ ಅದಕ್ಕೆ 'ಒಂಟಿ ಲ್ಯಾರಿ' ಅಂತ ಹೆಸರಿಟ್ಟರು.

2015ರ ಬೇಸಿಗೆಯಲ್ಲಿ ನೀರು ಎಷ್ಟು ಕಾದಿತ್ತು ಅಂದ್ರೆ, ಕೊಲಂಬಿಯಾ ಮತ್ತು ಅದರ ಉಪನದಿಗಳಲ್ಲಿ ಸುಮಾರು ಎರಡೂವರೆ ಲಕ್ಷ ಸಾಕ್‌ಐ ದಾರಿಯಲ್ಲೇ ಸತ್ತವು. ಅದಕ್ಕೆ ಯಾರ ಬೆನ್ನ ಮೇಲೂ ಬರೆ ಬೀಳಲಿಲ್ಲ.

4/10

ಈಗ ಆರೋಪಿಯನ್ನ ಕರೆಯೋಣ.

ಕ್ಯಾಲಿಫೋರ್ನಿಯಾ ಕಡಲ ಸಿಂಹದ ಹೆಣ್ಣು, ಮರಿ ಎಲ್ಲ ದಕ್ಷಿಣದ ದ್ವೀಪಗಳ ಕಡೆ ಇರ್ತವೆ. ಉತ್ತರಕ್ಕೆ, ಈ ನದಿಗೆ ಬರೋದು ಗಂಡುಗಳು ಮಾತ್ರ. ಮುನ್ನೂರು ಕೆಜಿ ದಾಟಿ ತೂಗೋ ದೊಡ್ಡ ದೊಡ್ಡ ಗಂಡುಗಳು. ಹೊಟ್ಟೆ ತುಂಬಿಸಿಕೊಂಡು ಮತ್ತೆ ದಕ್ಷಿಣಕ್ಕೆ ಹೋಗ್ತವೆ.

ಬಾನ್‌ವಿಲ್ ಡ್ಯಾಂ ಹತ್ತಿರ ಇವು ಮೊದಲು ಅಪರೂಪಕ್ಕೆ ಕಾಣ್ತಿದ್ದವು ಅಷ್ಟೆ. ಗುಂಪಾಗಿ ಬರೋಕೆ ಶುರುವಾಗಿದ್ದು 2000ದ ಆಸುಪಾಸಿಗೆ. ಸೇನೆಯ ಎಂಜಿನಿಯರಿಂಗ್ ವಿಭಾಗವೇ ಆ ಡ್ಯಾಂ ನಡೆಸೋದು. ಅವರು ಇವನ್ನ ಕ್ರಮವಾಗಿ ಎಣಿಸೋಕೆ ಶುರು ಮಾಡಿದ್ದು 2002ರಲ್ಲಿ.

ತಾರೀಖು ಹೊಂದಿಸಿ ನೋಡಿ. ಸ್ನೇಕ್ ನದಿಯ ಸಾಕ್‌ಐ ಅಳಿವಿನಂಚಿನ ಪಟ್ಟಿ ಸೇರಿದ್ದು 1991ರಲ್ಲಿ. ಒಂಟಿ ಲ್ಯಾರಿ ಬಂದಿದ್ದು 1992ರಲ್ಲಿ. ಅಂದ್ರೆ ಮನೆ ದೋಚಿ ಹತ್ತು ವರ್ಷ ಆದ ಮೇಲೆ ಬೀದಿಗೆ ಬಂದವನನ್ನ ಹಿಡಿದು ಕಳ್ಳ ಅಂತಿದ್ದಾರೆ.

ಸರಿ, ಬಂದಿದ್ದಾದರೂ ಯಾಕೆ?

ನಮ್ಮ ಕ್ಯಾಂಟೀನ್ ಊಟದ ಹೊತ್ತಲ್ಲಿ ಹೇಗಿರುತ್ತೆ ನೆನೆಸಿಕೊಳ್ಳಿ. ಆರುನೂರು ಜನ, ಒಂದೇ ಬಾಗಿಲು. ಎಲ್ಲರೂ ಅಲ್ಲೇ ಸಿಕ್ಕಿಹಾಕಿಕೊಳ್ತಾರೆ. ಡ್ಯಾಂ ಕೂಡ ಅಷ್ಟೇ. ನದಿಯ ಉದ್ದಗಲಕ್ಕೆ ಹರಡಿಕೊಂಡು ಹೋಗಬೇಕಾಗಿದ್ದ ಮೀನುಗಳೆಲ್ಲ ಡ್ಯಾಂ ಬುಡದಲ್ಲಿ ಗುಂಪಾಗಿ ನಿಂತು, ಮೀನಿನ ಮೆಟ್ಟಿಲಿನ ಇಕ್ಕಟ್ಟಾದ ಬಾಗಿಲು ಹುಡುಕಬೇಕು. ಅದಕ್ಕೆ ಹೊತ್ತು ಬೇಕು. ಕಡಲ ಸಿಂಹ ದಡ್ಡ ಪ್ರಾಣಿ ಅಲ್ಲ. ಊಟ ಸಾಲಲ್ಲಿ ನಿಂತಿದೆ ಅಂತ ಗೊತ್ತಾದ ಮೇಲೆ 235 ಕಿಲೋಮೀಟರ್ ಈಜಿ ಬರದೇ ಇರುತ್ತಾ?

ಆ ಸಾಲು ನಿಲ್ಲಿಸಿದ್ದು ನಾವು, ಅಂದ್ರೆ ಮನುಷ್ಯರು. ಎಲೆ ಹಾಕಿ, ಬಡಿಸಿ, ಆಮೇಲೆ ಯಾಕೆ ಉಂಡೆ ಅಂತ ಕೇಳಿ ಕೊಲ್ಲೋದು ಯಾವ ನ್ಯಾಯ?

5/10

ನಾವು ಬಿಕಾಂನವರು. ಭಾವನೆ ಪಕ್ಕಕ್ಕಿಟ್ಟು ಲೆಕ್ಕ ನೋಡೋಣ.

2002ರಿಂದ 2010ರವರೆಗೆ ಡ್ಯಾಂ ಬುಡದಲ್ಲಿ ಕಡಲ ಸಿಂಹಗಳು ತಿಂದಿದ್ದು ಆ ಹೊತ್ತಿಗೆ ಬಂದ ಮೀನಿನಲ್ಲಿ ಶೇ. 0.4ರಿಂದ ಶೇ. 4.2. ಇದು ಪ್ರಾಣಿಪ್ರಿಯರ ಲೆಕ್ಕ ಅಲ್ಲ, ಡ್ಯಾಂ ನಡೆಸೋರು ತಾವೇ ಎಣಿಸಿ ಕೊಟ್ಟ ಲೆಕ್ಕ.

ಅದೇ ಹೊತ್ತಲ್ಲಿ, ಅದೇ ಮೀನನ್ನ ಬಲೆ ಹಾಕಿ, ಗಾಳ ಹಾಕಿ ಹಿಡಿಯೋಕೆ ಮನುಷ್ಯರಿಗೆ ಸರ್ಕಾರ ಕೊಟ್ಟಿದ್ದ ಮಿತಿ ವರ್ಷದ ಮೀನು ನೋಡಿಕೊಂಡು ಶೇ. 5.5ರಿಂದ ಶೇ. 17ರವರೆಗೆ. ಅದನ್ನ 'ಅಂಥ ತೊಂದರೆ ಇಲ್ಲ' ಅಂತ ಬರೆದರು. ಶೇ. 4ನ್ನ 'ಗಂಭೀರ ಪರಿಣಾಮ' ಅಂತ ಬರೆದು ಕೊಲ್ಲೋಕೆ ಅನುಮತಿ ಕೊಟ್ಟರು.

2010ರ ನವೆಂಬರಿನಲ್ಲಿ ಅಮೆರಿಕದ ಒಂಬತ್ತನೇ ವಲಯದ ಮೇಲ್ಮನವಿ ಕೋರ್ಟು ಇದನ್ನೇ ಕೇಳಿತು. ದೊಡ್ಡ ಸಂಖ್ಯೆ ಚಿಕ್ಕ ತೊಂದರೆ, ಚಿಕ್ಕ ಸಂಖ್ಯೆ ದೊಡ್ಡ ತೊಂದರೆ ಹೇಗಾಯ್ತು? ಸರಿಯಾದ ಉತ್ತರ ಇರಲಿಲ್ಲ. ಅನುಮತಿ ರದ್ದಾಯ್ತು. ಖುಷಿ ಪಡಬೇಡಿ, 2012ರಲ್ಲಿ ಕಾಗದ ಸರಿ ಮಾಡಿಕೊಂಡು ಮತ್ತೆ ಶುರು ಮಾಡಿದರು.

ಪ್ರೊಸೆಸ್ ಕಾಸ್ಟಿಂಗ್ ನೆನಪಿದ್ಯಾ? ನಾರ್ಮಲ್ ಲಾಸ್, ಅಬ್‌ನಾರ್ಮಲ್ ಲಾಸ್. ಅಕ್ಕಿ ಮಾಡುವಾಗ ಹೊಟ್ಟು ಹೋಗೋದು ನಾರ್ಮಲ್. ಅದು ಕೆಲಸದ ಸ್ವಭಾವದಲ್ಲೇ ಇದೆ, ಯಾರನ್ನೂ ಬೈಯಲ್ಲ. ಗೋಡೌನ್ ಸೂರು ಸೋರಿ ಮೂಟೆ ಕೊಳೆತರೆ ಅದು ಅಬ್‌ನಾರ್ಮಲ್. ಅದನ್ನ ಬೇರೆ ಅಕೌಂಟಲ್ಲಿ ತೋರಿಸಬೇಕು, ಕಾರಣ ಹುಡುಕಬೇಕು, ಸೂರು ರಿಪೇರಿ ಮಾಡಬೇಕು.

ಕಡಲ ಸಿಂಹ ತಿನ್ನೋದು ನಾರ್ಮಲ್ ಲಾಸ್. ಡ್ಯಾಂ, ಬಿಸಿ ನೀರು, ಮುಚ್ಚಿದ ದಾರಿ, ಇವು ಅಬ್‌ನಾರ್ಮಲ್. ಇಲ್ಲಿ ಆಗಿರೋದು ಏನಂದ್ರೆ ಸೋರೋ ಸೂರಿನ ನಷ್ಟವನ್ನೆಲ್ಲ ಹೊಟ್ಟಿನ ಹೆಸರಿಗೆ ಬರೆದಿದ್ದಾರೆ. ಪರೀಕ್ಷೆಯಲ್ಲಿ ಹೀಗೆ ಬರೆದರೆ ಸೊನ್ನೆ. ಇಲ್ಲಿ ಬರೆದರೆ ಕಾನೂನು.

6/10

ಕಾನೂನಿನ ದಾರಿ ಹೇಗೆ ಇಳಿಜಾರಾಯ್ತು ನೋಡಿ.

ಹಿಂದೆ ಆ ಕರಾವಳಿಯಲ್ಲಿ ಸೀಲ್, ಕಡಲ ಸಿಂಹ ಕೊಂದು ತಂದವರಿಗೆ ಸರ್ಕಾರವೇ ಬಹುಮಾನ ಕೊಡ್ತಿತ್ತು. 1972ರಲ್ಲಿ ಕಡಲ ಸಸ್ತನಿಗಳ ರಕ್ಷಣಾ ಕಾಯ್ದೆ ಬಂತು, ಕೊಲ್ಲೋದು ನಿಂತಿತು. 1975ರಲ್ಲಿ 90 ಸಾವಿರದ ಹತ್ತಿರ ಇದ್ದ ಕ್ಯಾಲಿಫೋರ್ನಿಯಾ ಕಡಲ ಸಿಂಹ 2014ಕ್ಕೆ ಎರಡೂವರೆ ಲಕ್ಷ ದಾಟಿತ್ತು. ಒಂದು ಕಾನೂನು ಗೆದ್ದ ಅಪರೂಪದ ಕಥೆ ಅದು.

1994ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಮೀನಿಗೆ ಗಂಭೀರ ತೊಂದರೆ ಕೊಡೋ, ಗುರುತು ಸಿಕ್ಕ ಪ್ರಾಣಿಯನ್ನ ಮಾತ್ರ ಕೊಲ್ಲಬಹುದು ಅಂತ. 2008ರಲ್ಲಿ ಬಾನ್‌ವಿಲ್‌ಗೆ ಆ ಅನುಮತಿ ಸಿಕ್ಕಿತು. ಮೊದಲು ಪಟಾಕಿ ಹೊಡೆದು, ರಬ್ಬರ್ ಗುಂಡು ಹಾರಿಸಿ ಓಡಿಸಬೇಕು. ಆಮೇಲೂ ಬಂದರೆ ಬೋನು. ಬರೆಯ ನಂಬರ್ ಬೇಕಾಗಿದ್ದು ಇದಕ್ಕೇ.

ಅದೇ ವರ್ಷ ಮೇ ತಿಂಗಳಲ್ಲಿ ಡ್ಯಾಂ ಬಳಿ ತೇಲೋ ಬೋನುಗಳೊಳಗೆ ಆರು ಕಡಲ ಸಿಂಹಗಳ ಹೆಣ ಸಿಕ್ಕಿತು. ಯಾರೋ ಗುಂಡು ಹೊಡೆದಿದ್ದಾರೆ ಅಂತ ಮೊದಲು ಸುದ್ದಿ ಹಬ್ಬಿತು. ಪರೀಕ್ಷೆ ಮಾಡಿದರೆ ಗುಂಡಿಲ್ಲ. ಬೋನಿನ ಬಾಗಿಲು ಮುಚ್ಚಿಕೊಂಡು, ನೀರಿಗೆ ಇಳಿಯೋಕಾಗದೆ, ಬಿಸಿಲಿಗೆ ಬೆಂದು ಸತ್ತಿದ್ದವು. ಅದರಲ್ಲಿ ಎರಡು ಸ್ಟೆಲ್ಲರ್ ಜಾತಿಯವು. ಆಗ ಆ ಜಾತಿಯನ್ನ ಮುಟ್ಟೋಕೆ ಅನುಮತಿನೇ ಇರಲಿಲ್ಲ.

2018ರ ಡಿಸೆಂಬರಿನಲ್ಲಿ ಹೊಸ ಕಾನೂನು. ಈಗ ಒಂದೊಂದೇ ಪ್ರಾಣಿಯ ತಪ್ಪು ತೋರಿಸಬೇಕಾಗಿಲ್ಲ. ನದಿಯ ಆ ಭಾಗದಲ್ಲಿ ಕಂಡರೆ ಸಾಕು, ಕಂಡಿದ್ದೇ ತಪ್ಪು.

2020ರ ಆಗಸ್ಟಿನಲ್ಲಿ ಐದು ವರ್ಷಕ್ಕೆ ಪರವಾನಗಿ: 540 ಕ್ಯಾಲಿಫೋರ್ನಿಯಾ ಕಡಲ ಸಿಂಹ, 176 ಸ್ಟೆಲ್ಲರ್ ಕಡಲ ಸಿಂಹ. ಒಟ್ಟು 716. ಈ ಪೂರ್ವ ಭಾಗದ ಸ್ಟೆಲ್ಲರ್‌ಗಳು ಅಪಾಯದ ಪಟ್ಟಿಯಿಂದ ಹೊರಬಂದಿದ್ದು 2013ರಲ್ಲಿ. ಚೇತರಿಸಿಕೊಂಡವು ಅಂತ ಸಂಭ್ರಮಿಸಿ ಏಳೇ ವರ್ಷಕ್ಕೆ ಕೊಲ್ಲೋ ಪಟ್ಟಿಗೆ.

7/10

"ಕೊಂದರೆ ಮೀನು ಉಳಿಯುತ್ತಲ್ಲ?" ಅಂತ ಕೇಳ್ತೀರಿ. ಹಳೇ ಕಥೆ ಎರಡು ಇದೆ, ಕೇಳಿ.

ಮೊದಲನೇದು ಸಿಯಾಟಲ್‌ನ ಬ್ಯಾಲಾರ್ಡ್. 1980ರ ದಶಕದಲ್ಲಿ ಅಲ್ಲಿ ದೋಣಿಗಳಿಗೆ ಕಟ್ಟಿದ ಕಟ್ಟೆ ಬಾಗಿಲ ಹತ್ತಿರ ಕಡಲ ಸಿಂಹಗಳು ಸ್ಟೀಲ್‌ಹೆಡ್ ತಿನ್ನೋಕೆ ಬಂದವು. ಜನ 'ಹರ್ಷೆಲ್' ಅಂತ ಹೆಸರಿಟ್ಟರು. ಪಟಾಕಿ ಹೊಡೆದರು. ಕೆಟ್ಟ ರುಚಿಯ ಮೀನು ಎಸೆದರು. ಕ್ಯಾಲಿಫೋರ್ನಿಯಾಗೆ ಹೊತ್ತುಕೊಂಡು ಹೋಗಿ ಬಿಟ್ಟರು, ಕೆಲವೇ ವಾರದಲ್ಲಿ ಈಜಿಕೊಂಡು ವಾಪಸ್! ಹೆದರಿಸೋಕೆ ಫೈಬರಲ್ಲಿ ಓರ್ಕಾ ತಿಮಿಂಗಿಲದ ಗೊಂಬೆ ಮಾಡಿ ನೀರಿಗಿಳಿಸಿದರು. ನಮ್ಮ ಹೊಲದ ಬೆದರುಬೊಂಬೆ ಥರ. ಕೊನೆಗೆ 1996ರಲ್ಲಿ ಮೂರನ್ನ ಹಿಡಿದು ಫ್ಲೋರಿಡಾದ ಸೀವರ್ಲ್ಡ್‌ಗೆ ಸಾಗಿಸಿದರು.

ಕಡಲ ಸಿಂಹದ ಕಾಟ ಮುಗೀತು. ಸ್ಟೀಲ್‌ಹೆಡ್? ಅದು ವಾಪಸ್ ಬರಲೇ ಇಲ್ಲ. ಆ ನೀರಲ್ಲಿ ಆ ಮೀನಿನ ಸಂತತಿ ಬೆರಳೆಣಿಕೆಗೆ ಇಳಿದು ಕೊನೆಗೆ ಹೆಚ್ಚುಕಡಿಮೆ ಇಲ್ಲವೇ ಆಯ್ತು. ಆರೋಪಿ ಜೈಲಲ್ಲಿ, ಕಳ್ಳತನ ಮಾತ್ರ ನಿಲ್ಲಲಿಲ್ಲ.

ಎರಡನೇದು ನೀರುಕಾಗೆ. ಕೊಲಂಬಿಯಾ ನದಿಮುಖದ ಈಸ್ಟ್ ಸ್ಯಾಂಡ್ ದ್ವೀಪದಲ್ಲಿ ಸಾವಿರಾರು ನೀರುಕಾಗೆ ಗೂಡು ಕಟ್ತಿದ್ದವು. ಸಾಲ್ಮನ್ ಮರಿ ತಿಂತಾವೆ ಅಂತ 2015ರಿಂದ ಸಾವಿರಗಟ್ಟಲೆ ಹಕ್ಕಿಗೆ ಗುಂಡು ಹೊಡೆದರು, ಮೊಟ್ಟೆಗೆ ಎಣ್ಣೆ ಹಚ್ಚಿದರು. 2016ರಲ್ಲಿ ಹಕ್ಕಿಗಳು ಗೂಡು ಬಿಟ್ಟು ಎದ್ದು ಹೋದವು. ಎಲ್ಲಿಗೆ? ನದಿಯ ಇನ್ನೂ ಮೇಲಕ್ಕೆ, ಆಸ್ಟೋರಿಯಾದ ಸೇತುವೆಗೆ. ಸಮುದ್ರದ ಹತ್ತಿರ ಇದ್ದಾಗ ಬೇರೆ ಮೀನೂ ಸಿಗ್ತಿತ್ತು. ಸಿಹಿನೀರಿನ ಮೇಲ್ಭಾಗದಲ್ಲಿ ಒಂದೊಂದು ಹಕ್ಕಿ ತಿನ್ನೋ ಸಾಲ್ಮನ್ ಮರಿ ಇನ್ನೂ ಜಾಸ್ತಿ ಆಯ್ತು.

ಇನ್ನೊಂದು ಪ್ರಶ್ನೆ. ಓರ್ಕಾ ಕೂಡ ಅದೇ ಚಿನೂಕ್ ಸಾಲ್ಮನ್ ತಿಂದು ಬದುಕೋದು. 2018ರಲ್ಲಿ ಸತ್ತ ಮರಿಯನ್ನ 17 ದಿನ ಹೊತ್ತುಕೊಂಡು ಈಜಿದ ತಾಯಿ ಓರ್ಕಾದ ವಿಡಿಯೋ ನೋಡಿ ಪ್ರಪಂಚವೇ ಅತ್ತಿತು. ಅದನ್ನ ಕೊಲ್ಲಿ ಅಂತ ಯಾರಾದ್ರೂ ಅಂತಾರಾ? ಅನ್ನಲ್ಲ, ಅನ್ನಬಾರದು ಕೂಡ. ಹಾಗಾದ್ರೆ ಯಾರು ಸಾಯಬೇಕು ಅನ್ನೋದು ತಿಂದ ಮೀನಿನ ಲೆಕ್ಕದ ಮೇಲಾ, ಯಾರ ಮುಖ ಚೆನ್ನಾಗಿದೆ ಅನ್ನೋದರ ಮೇಲಾ?

8/10

ಇಲ್ಲಿ ನನ್ನ ವಾದಕ್ಕೆ ವಿರುದ್ಧವಾಗಿರೋದನ್ನೂ ಹೇಳಲೇಬೇಕು. ಬೇಕಾದ್ದು ಮಾತ್ರ ತೋರಿಸಿದರೆ ನನಗೂ ಆ ಕಾನೂನು ಬರೆದವರಿಗೂ ವ್ಯತ್ಯಾಸ ಇರಲ್ಲ.

ಒಂದು. ವಿಲಾಮೆಟ್ ಜಲಪಾತ. ಕೊಲಂಬಿಯಾಗೆ ಸೇರೋ ಉಪನದಿ. ಅಲ್ಲಿ ಚಳಿಗಾಲದ ಸ್ಟೀಲ್‌ಹೆಡ್ ತೀರಾ ಕಡಿಮೆಯಾಗಿ, ಕಡಲ ಸಿಂಹಗಳು ಒಂದು ವರ್ಷ ನಾಲ್ಕರಲ್ಲೊಂದು ಪಾಲು ತಿಂದಿದ್ದವು. 2018ರ ಕೊನೆಯಿಂದ ಅಲ್ಲಿ ಕೊಲ್ಲೋಕೆ ಶುರು ಮಾಡಿದರು. ಆಮೇಲೆ ಮೀನು ಸ್ವಲ್ಪ ಏರಿತು. ಇದು ನಿಜ. ಆದರೆ ಅಲ್ಲೂ ಮೀನು ಅಷ್ಟು ಕಡಿಮೆ ಆಗಿದ್ದು ಯಾಕೆ? ಆ ನದಿಯ ಕೊಳ್ಳದಲ್ಲಿ ಸೇನಾ ಎಂಜಿನಿಯರ್‌ಗಳ 13 ಡ್ಯಾಂ ಇದೆ. ಮೀನಿನ ರಕ್ಷಣೆಗೆ ಮಾಡಬೇಕಾದ್ದನ್ನ ಮಾಡದೆ ಕಾನೂನು ಮುರಿದಿದ್ದೀರಿ ಅಂತ 2020ರಲ್ಲಿ ಕೋರ್ಟೇ ಹೇಳಿತು. ಜ್ವರದ ಮಾತ್ರೆ ಒಂದು ದಿನ ಕೆಲಸ ಮಾಡುತ್ತೆ. ಅದನ್ನೇ ಚಿಕಿತ್ಸೆ ಅಂದ್ಕೊಂಡ್ರೆ ರೋಗಿ ಉಳಿಯಲ್ಲ.

ಎರಡು. ನದಿಯ ಕೆಳಭಾಗದಲ್ಲಿ, ಸಮುದ್ರದ ಹತ್ತಿರ, ಇನ್ನೂ ಜಾಸ್ತಿ ಮೀನು ಕಾಣೆಯಾಗ್ತಿದೆ, ಅದರಲ್ಲಿ ಕಡಲ ಸಿಂಹದ ಪಾಲು ದೊಡ್ಡದು ಅಂತ ವಿಜ್ಞಾನಿಗಳು ಮೀನಿಗೆ ಗುರುತು ಹಾಕಿ ಮಾಡಿದ ಅಧ್ಯಯನ ಹೇಳುತ್ತೆ. ಇರಬಹುದು. ಆದರೆ ಪರವಾನಗಿ ಇರೋದು ಪೋರ್ಟ್‌ಲ್ಯಾಂಡ್ ಹತ್ತಿರದ ಸೇತುವೆಯಿಂದ ಮೇಲಕ್ಕೆ. ನಷ್ಟ ಒಂದು ಕಡೆ, ಬೋನು ಇನ್ನೊಂದು ಕಡೆ.

ಮೂರು, ಇದು ನನಗೆ ಅತಿ ಕಷ್ಟದ್ದು. ನೆಜ್ ಪರ್ಸ್, ಯಾಕಮಾ, ಯುಮಟಿಲ್ಲಾ, ವಾರ್ಮ್ ಸ್ಪ್ರಿಂಗ್ಸ್ ಮೂಲನಿವಾಸಿ ಸಮುದಾಯಗಳು ಕೊಲ್ಲೋದಕ್ಕೆ ಬೆಂಬಲ ಕೊಟ್ಟಿವೆ. 1855ರ ಒಪ್ಪಂದಗಳಲ್ಲಿ ಬಹುಪಾಲು ನೆಲ ಬಿಟ್ಟುಕೊಟ್ಟರೂ ಮೀನಿನ ಹಕ್ಕು ಉಳಿಸಿಕೊಂಡ ಜನ ಅವರು. ಇರೋ ನಾಲ್ಕು ಮೀನಾದರೂ ಉಳೀಲಿ ಅನ್ನೋ ಅವರ ಸಂಕಟವನ್ನ ಇಲ್ಲಿ ಕೂತು ಜಡ್ಜ್ ಮಾಡೋಕೆ ನನಗೆ ಯಾವ ಅರ್ಹತೆಯೂ ಇಲ್ಲ. ಆದರೆ ಅವರು ಕೇಳಿದ್ದು ಇದೊಂದೇ ಅಲ್ಲ. ಸ್ನೇಕ್ ನದಿಯ ಆ ನಾಲ್ಕು ಡ್ಯಾಂ ಒಡೆಯಿರಿ ಅಂತಲೂ ಎಷ್ಟೋ ವರ್ಷದಿಂದ ಕೇಳ್ತಿದ್ದಾರೆ. ಅವರು ಕೇಳಿದ ಎರಡರಲ್ಲಿ ಸುಲಭವಾದ್ದು ಬೇಗ ಸಿಕ್ಕಿತು. ಕಷ್ಟದ್ದು ಇನ್ನೂ ಸಿಕ್ಕಿಲ್ಲ.

9/10

ಹಾಗಾದ್ರೆ ಏನು ಮಾಡಿದ್ರೆ ಮೀನು ಬರುತ್ತೆ? ಉತ್ತರ ಅದೇ ಕರಾವಳಿಯಲ್ಲಿ ಸಿಕ್ಕಿದೆ.

ವಾಷಿಂಗ್ಟನ್ ರಾಜ್ಯದ ಎಲ್ವಾ ನದಿಯಲ್ಲಿ 2011ರಿಂದ 2014ರ ಒಳಗೆ ಎರಡು ಡ್ಯಾಂ ತೆಗೆದರು. ನೂರು ವರ್ಷ ಮುಚ್ಚಿದ್ದ ದಾರಿ ತೆರೀತು, ಸಾಲ್ಮನ್ ಮೇಲಕ್ಕೆ ಹೋದವು. ಕ್ಲಾಮತ್ ನದಿಯಲ್ಲಿ 2023–24ರಲ್ಲಿ ನಾಲ್ಕು ಡ್ಯಾಂ ತೆಗೆದರು. ಕೆಲಸ ಮುಗಿದ ಕೆಲವೇ ವಾರಕ್ಕೆ, 2024ರ ಅಕ್ಟೋಬರಿನಲ್ಲಿ, ಡ್ಯಾಂ ಇದ್ದ ಜಾಗ ದಾಟಿ ಒರೆಗಾನ್‌ನಲ್ಲಿ ಚಿನೂಕ್ ಕಾಣಿಸಿಕೊಂಡವು. ಮೀನಿಗೆ ಯಾರೂ ನೋಟಿಸ್ ಕಳಿಸಿರಲಿಲ್ಲ. ದಾರಿ ಬಿಟ್ಟರು, ಬಂತು.

ಡ್ಯಾಂ ಎಲ್ಲ ಕೆಟ್ಟದ್ದು, ನಾಳೆಯೇ ಒಡೆದುಹಾಕಿ ಅಂತ ನಾನು ಹೇಳ್ತಿಲ್ಲ. ಕೊಲಂಬಿಯಾದ ಕರೆಂಟಲ್ಲಿ ಊರೂರು ಉರೀತಿದೆ. ನಮ್ಮ ಅಕ್ಕನ ಮನೆ ಲೈಟಿನಲ್ಲೂ ಆ ನದಿಯ ಪಾಲು ಇದ್ದೇ ಇರುತ್ತೆ. ಸಿಲೈಲೊ ಮುಳುಗಿದ ಆ ದ ಡ್ಯಾಲ್ಸ್ ಊರಲ್ಲೇ 2006ರಲ್ಲಿ ಗೂಗಲ್ ದೊಡ್ಡ ಡೇಟಾ ಸೆಂಟರ್ ತೆರೀತು, ಅಗ್ಗದ ಜಲವಿದ್ಯುತ್ ಅದಕ್ಕೆ ಒಂದು ಮುಖ್ಯ ಕಾರಣ. ಸ್ನೇಕ್ ನದಿಯ ಡ್ಯಾಂಗಳಿಂದ ಗೋಧಿ ಹೊತ್ತ ದೋಣಿಗಳು ಐಡಾಹೊವರೆಗೆ ಓಡಾಡ್ತವೆ. ಆ ರೈತರಿಗೂ ಹೊಟ್ಟೆ ಇದೆ.

ಅದಕ್ಕೇ ಡ್ಯಾಂ ವಿಷಯ ಕಷ್ಟ. ಕರೆಂಟಿಗೆ ಗ್ರಾಹಕ ಇದ್ದಾನೆ, ದೋಣಿಗೆ ಮಾಲೀಕ ಇದ್ದಾನೆ, ಗೋಧಿಗೆ ರೈತ ಇದ್ದಾನೆ, ಎಲ್ಲರಿಗೂ ವೋಟು ಇದೆ. 2023ರ ಡಿಸೆಂಬರಿನಲ್ಲಿ ಬೈಡನ್ ಸರ್ಕಾರ ಆ ನಾಲ್ಕು ಸಮುದಾಯಗಳ ಜೊತೆ, ಎರಡು ರಾಜ್ಯಗಳ ಜೊತೆ ಸಾಲ್ಮನ್ ಚೇತರಿಕೆಗೆ ಒಪ್ಪಂದ ಮಾಡಿಕೊಂಡಿತ್ತು. ಡ್ಯಾಂ ತೆಗೆದರೆ ಕರೆಂಟಿಗೆ, ಸಾಗಣೆಗೆ ಬದಲಿ ಏನು ಅಂತ ನೋಡೋ ಮಾತೂ ಅದರಲ್ಲಿತ್ತು. 2025ರ ಜೂನಿನಲ್ಲಿ ಟ್ರಂಪ್ ಸರ್ಕಾರ ಅದರಿಂದ ಹಿಂದೆ ಸರೀತು. ಒಂದು ಸಹಿ, ಮುಗೀತು.

ಕಡಲ ಸಿಂಹಕ್ಕೆ ಗ್ರಾಹಕನೂ ಇಲ್ಲ, ವೋಟೂ ಇಲ್ಲ. ಬಾಯಲ್ಲಿ ಮೀನು ಕಚ್ಚಿಕೊಂಡು ಸಿಕ್ಕಿಬೀಳುತ್ತೆ, ಫೋಟೋ ಚೆನ್ನಾಗಿ ಬರುತ್ತೆ. ಬಿಸಿಯಾದ ನೀರು ಹಾಗೆ ಫೋಟೋದಲ್ಲಿ ಸಿಗಲ್ಲ. ಟರ್ಬೈನ್ ಬಾಯಲ್ಲಿ ಮೀನು ಕಾಣಲ್ಲ.

10/10

ಕೊನೆಯ ಪೋಸ್ಟ್.

ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ನಮ್ಮಜ್ಜಿ ಈ ಗಾದೆಯನ್ನ ದಿನಕ್ಕೆರಡು ಸಲ ಹೇಳ್ತಿದ್ದರು. ಅದನ್ನ ಬರೀ ಮಾತು ಅಂದ್ಕೊಂಡಿದ್ದೆ. ಆಸ್ಟೋರಿಯಾದ ಫೋಟೋ ನೋಡಿದ ಮೇಲೆ ಗೊತ್ತಾಯ್ತು, ನಿಜವಾಗಲೂ ಕಬ್ಬಿಣ ಕಾಯಿಸಿ ಹಾಕ್ತಾರೆ.

ನನ್ನ ವಾದ ಇಷ್ಟೇ. ಕಡಲ ಸಿಂಹ ಮೀನು ತಿನ್ನಲ್ಲ ಅಂತ ನಾನು ಹೇಳ್ತಿಲ್ಲ. ತಿನ್ನುತ್ತೆ, ಅದು ಹುಟ್ಟಿರೋದೇ ಹಾಗೆ. ಆದರೆ 716 ಪ್ರಾಣಿ ಕೊಲ್ಲೋ ಪರವಾನಗಿ ಸಾಲ್ಮನ್ ಉಳಿಸೋ ಯೋಜನೆ ಅಲ್ಲ. ಸಾಲ್ಮನ್ ಉಳಿಸೋಕೆ ಏನೋ ಮಾಡ್ತಿದ್ದೀವಿ ಅಂತ ತೋರಿಸೋ ಯೋಜನೆ. ಇದರಲ್ಲಿ ಎರಡು ಮೋಸ ಇದೆ. ಕಡಲ ಸಿಂಹಕ್ಕೆ ಆಗೋದು ಕಣ್ಣಿಗೆ ಕಾಣುತ್ತೆ. ಸಾಲ್ಮನ್‌ಗೆ ಆಗೋ ಮೋಸ ಕಾಣಲ್ಲ. ಪ್ರತಿ ಇಂಜೆಕ್ಷನ್ ಜೊತೆ ಆ ನಾಲ್ಕು ಡ್ಯಾಂಗಳ ಪ್ರಶ್ನೆ ಇನ್ನೊಂದು ವರ್ಷ ಮುಂದಕ್ಕೆ ಹೋಗುತ್ತೆ. ಮೀನಿಗೆ ಅಷ್ಟು ವರ್ಷ ಉಳಿದಿಲ್ಲ.

ನಿನ್ನೆ ಅಕ್ಕನಿಗೆ ಇದೆಲ್ಲ ಬರೆದು ಕಳಿಸಿದೆ. ಅವಳು ಬಾನ್‌ವಿಲ್‌ಗೂ ಹೋಗಿದ್ದಳಂತೆ. ಅಲ್ಲಿ ನೀರಿನೊಳಗಿಂದ ಗಾಜಿನ ಕಿಟಕಿ ಇದೆ, ಮೀನು ಮೆಟ್ಟಿಲು ಹತ್ತಿ ಹೋಗೋದು ಕಾಣುತ್ತೆ. ಒಂದೊಂದೇ ಮೀನು ಎಣಿಸೋಕೆ ಜನ ಇದ್ದಾರೆ.

"ನಾನು ಅರ್ಧ ಗಂಟೆ ನಿಂತಿದ್ದೆ ಕಣೇ. ಒಂದು ಮೀನು ಮೈಯೆಲ್ಲ ಗಾಯ ಮಾಡಿಕೊಂಡು ಬಂತು. ಪಕ್ಕದಲ್ಲಿದ್ದವರು ಸೀ ಲಯನ್ ಕಚ್ಚಿದ್ದು ಅಂದ್ರು. ನಾನೂ ಅಯ್ಯೋ ಅಂದೆ. ಇದರ ಮುಂದೆ ಇನ್ನೂ ಏಳು ಡ್ಯಾಂ ಇದೆ ಅಂತ ಅಲ್ಲಿ ಯಾರೂ ಹೇಳ್ಲಿಲ್ಲ ನೋಡು."

ಅದೇ ಅಕ್ಕಾ, ಅದನ್ನೇ ನಾನು ಹೇಳ್ತಿರೋದು.

ಇಲ್ಲಿ ಕೂತು ನಾವು ಒರೆಗಾನ್‌ನ ಕಾನೂನು ಬದಲಾಯಿಸೋಕಾಗಲ್ಲ. ಆದರೆ 'ಸಾಲ್ಮನ್ ಕಳ್ಳ ಸಿಕ್ಕಿಬಿದ್ದ' ಅನ್ನೋ ಆ ನಗುವ ಎಮೋಜಿ ರೀಲ್ ನಿಮ್ಮ ಫೀಡಿಗೂ ಬರುತ್ತೆ. ನನಗೆ ಮೂರು ಜನ ಕಳಿಸಿದ್ರು, ಅದರಲ್ಲಿ ಇಬ್ಬರು ನಮ್ಮ ಕ್ಲಾಸಿನವರೇ. ಫಾರ್ವರ್ಡ್ ಮಾಡೋ ಮೊದಲು ಆ ಪ್ರಾಣಿಯ ಹಿಂದೆ ಏನಿದೆ ಅಂತ ನೋಡಿ. ದೊಡ್ಡದಾಗಿ, ಬೂದು ಬಣ್ಣದ್ದು, ಫ್ರೇಮಿನ ಈ ತುದಿಯಿಂದ ಆ ತುದಿವರೆಗೆ ಒಂದು ಗೋಡೆ ಇರುತ್ತೆ.

ಒಪ್ಪದವರು ಕಾಮೆಂಟಿಗೆ ಬನ್ನಿ. ಲೆಕ್ಕ ತಪ್ಪಿದ್ರೆ ತೋರಿಸಿ, ತಿದ್ದಿಕೊಳ್ತೀನಿ. ನಾಳೆ ಕಾಸ್ಟಿಂಗ್ ಟೆಸ್ಟ್ ಇದೆ, ಉತ್ತರ ಕೊಡೋದು ಸಂಜೆ ಮೇಲೆ.

#ಕಡಲಸಿಂಹ #ಸಾಲ್ಮನ್ #ಕೊಲಂಬಿಯಾನದಿ #ಎಮ್ಮೆಗೆಬರೆ #ಲೆಕ್ಕಸರಿಯಾಗಿಬರೀರಿ